ಗೋಡೆಯಾಚೆಯ ಮೋಟರು

ಬೆಟಗೇರಿಯ ನಮ್ಮ ಓಣಿಯಲ್ಲಿ ನೀರು ಬಂತು ಎಂದು ಯಾರೂ ಅನ್ನುವುದಿಲ್ಲ, ನಳ ಬಂತು ಎನ್ನುತ್ತಾರೆ. ಆ ಕೂಗು ಕೇಳಿದರೆ ಊಟ ಅರ್ಧಕ್ಕೆ ಬಿಟ್ಟು ಏಳಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬರುವ ನಳ ಬೇಸಿಗೆಯಲ್ಲಿ ಮನಸ್ಸು ಬಂದಾಗ ಬರುತ್ತದೆ. ಹೊಳೆ ತುಂಬಿದ ದಿನಗಳಲ್ಲಿ ಧಾರೆ ಎಷ್ಟು ಜೋರೆಂದರೆ ಹಿಡಿದ ಕೊಡ ಕೈಯಿಂದ ಜಾರುತ್ತದೆ, ಆದರೆ ನೀರು ಚಹಾದ ಬಣ್ಣ. ಯುಗಾದಿ ದಾಟಿದರೆ ನೀರು ತಿಳಿ, ಧಾರೆ ಮಾತ್ರ ನೂಲಿನೆಳೆ. ತಿಳಿನೀರು, ಜೋರು ಧಾರೆ ಎರಡೂ ಒಟ್ಟಿಗೆ ಸಿಗುವ ತಿಂಗಳನ್ನು ನಾನಿನ್ನೂ ನೋಡಿಲ್ಲ.

ಎರಡು ವರ್ಷದ ಹಿಂದಿನವರೆಗೆ ನಮ್ಮ ನಳ ಮನೆಯ ಮುಂದಿನ ಗುಂಡಿಯಲ್ಲಿತ್ತು. ನೀರು ಮೇಲೆ ಏರುವುದಿಲ್ಲವೆಂದು ಪ್ರತಿ ಬೇಸಿಗೆಯಲ್ಲೂ ಗುಂಡಿಯನ್ನು ಒಂದು ಗೇಣು ಆಳ ಮಾಡಿ, ಪೈಪನ್ನು ಅಷ್ಟು ಕೆಳಗೆ ಕತ್ತರಿಸುತ್ತಿದ್ದೆವು. ಹೀಗೆ ಅಗೆದು ಅಗೆದು, ಕೊನೆಗೆ ಅವ್ವ ಗುಂಡಿಯಲ್ಲಿ ಇಳಿದರೆ ಅವಳ ತಲೆಯ ಸೆರಗಷ್ಟೇ ರಸ್ತೆಗೆ ಕಾಣುತ್ತಿತ್ತು. ಪೈಪಿಗೆ ತಿರುವಿ ನಿಲ್ಲಿಸುವ ತೋಟಿ ಎಂಬುದಿರಲಿಲ್ಲ. ಗೊಂಜಾಳದ, ಅಂದರೆ ಮೆಕ್ಕೆಜೋಳದ, ತೆನೆಯ ಕಾಳು ಬಿಡಿಸಿ, ಉಳಿದ ಬೆಂಡಿಗೆ ಹಳೆ ಸೀರೆಯ ತುಂಡು ಸುತ್ತಿ ಪೈಪಿನ ಬಾಯಿಗೆ ತುರುಕಿದರೆ ಅದೇ ಬೂಚು. ಅದನ್ನು ಮಾಡುವುದರಲ್ಲಿ ಅವ್ವನನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ.

ಬಾಜು ಮನೆಯವಳನ್ನು ನಾನು ಚಿಗವ್ವ ಎನ್ನುತ್ತೇನೆ. ರಕ್ತಸಂಬಂಧವೇನೂ ಇಲ್ಲ. ಲಕ್ಷ್ಮೇಶ್ವರದಿಂದ ಮದುವೆಯಾಗಿ ಬಂದ ವಾರವೇ ನಳದ ಗುಂಡಿಯಲ್ಲಿ ಅವ್ವನಿಗೆ ಗಂಟುಬಿದ್ದವಳು. ಒಬ್ಬಳು ಕೆಳಗಿಳಿದು ತುಂಬಬೇಕು, ಇನ್ನೊಬ್ಬಳು ಮೇಲೆ ನಿಂತು ಕೊಡ ಎತ್ತಿಕೊಳ್ಳಬೇಕು. ಮೂವತ್ತು ವರ್ಷ ಇಬ್ಬರೂ ಹಾಗೇ ನೀರು ತುಂಬಿದರು. ನಳ ಬರುವ ಮುಂಚೆ ಪೈಪಿನಲ್ಲಿ ಗಾಳಿ ಸುಸ್ಸೆನ್ನುತ್ತದಲ್ಲ, ಅದನ್ನು ಮೊದಲು ಕೇಳಿದವಳು ಇನ್ನೊಬ್ಬಳನ್ನು ಕೂಗಬೇಕು. ಅದು ಅವರಿಬ್ಬರ ಕರಾರು.

ಆಮೇಲೆ ಎರಡೂ ಮನೆಯವರು ಗುಂಡಿ ಮುಚ್ಚಿಸಿ, ಅಂಗಳದಲ್ಲಿ ನೆಲದೊಳಗೆ ಟಾಕಿ ಕಟ್ಟಿಸಿದೆವು. ನಮ್ಮದನ್ನು ನಾನೇ ಮುಂದೆ ನಿಂತು ಮಾಡಿಸಿದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ, ನೀರಿನ ಒತ್ತಡದ ಪಾಠ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಗುಂಡಿ ಮುಚ್ಚುವ ದಿನ ಅವ್ವನ ಬೂಚು ಕಾಣಲಿಲ್ಲ. ಟಾಕಿ ಕಟ್ಟುವ ಗೌಂಡಿ ಎಲ್ಲಿಯೋ ಬಿಸಾಕಿದನೆಂದು ಅವಳು ಸಂಜೆಯವರೆಗೂ ಅವನನ್ನು ಬೈದಳು. ನಾವು ಹಳೆ ಪೈಪಿಗೆ ಹೊಸ ಪೈಪು ಕೂಡಿಸಿ ಮಣ್ಣು ಎಳೆದೆವು. ಆ ಚಳಿಗಾಲ ಟಾಕಿ ಚೆನ್ನಾಗಿಯೇ ತುಂಬಿತು. ನಾನು ಮೀಸೆ ತಿರುವಿದೆ.

ಬೇಸಿಗೆ ಬಂತು. ಚಿಗವ್ವನ ಟಾಕಿ ನಿಧಾನವಾದರೂ ತುಂಬುತ್ತಿತ್ತು, ನಮ್ಮದಕ್ಕೆ ಹನಿ ಹನಿ. ನಡುವೆ ಇರುವುದು ಒಂದೇ ಗೋಡೆ, ರಸ್ತೆಯ ಪೈಪೂ ಒಂದೇ. ಅವ್ವ ಗೋಡೆಗೆ ಕಿವಿ ಹಚ್ಚಿದಳು. ಆಚೆಯಿಂದ ಗುರ್ರ್ ಎಂಬ ಸಪ್ಪಳ.

"ಮೋಟರ್ ಹಚ್ಚ್ಯಾಳಲೇ," ಎಂದಳು ಅವ್ವ. "ಕಳವೀಲೆ ನಮ್ಮ ನೀರು ಜಗ್ಗಾಕ ಹತ್ಯಾಳ."

ನಾನು ಬೇಡವೆನ್ನಬೇಕಿತ್ತು. ಅದರ ಬದಲು ಸೀಮೆಸುಣ್ಣ ತಂದು ಅಂಗಳದ ಫರಸಿ ಕಲ್ಲಿನ ಮೇಲೆ ಚಿತ್ರ ಬರೆದು, ಒಂದು ಕಡೆ ಜಗ್ಗಿದರೆ ಇನ್ನೊಂದು ಕಡೆ ಒತ್ತಡ ಹೇಗೆ ಬೀಳುತ್ತದೆ ಎಂದು ತೋರಿಸಿದೆ. ಪಾಠ ಸರಿಯಾಗಿಯೇ ಇತ್ತು, ಬುದ್ಧಿ ಮಾತ್ರ ಕೆಟ್ಟಿತ್ತು. ಅವ್ವನ ಸಂಶಯಕ್ಕೆ ಮಗನ ವಿಜ್ಞಾನ ಸೇರಿದ ಮೇಲೆ ಕೇಳುವುದೇನು? ಮರುದಿನದಿಂದ ಅವಳು ಗೋಡೆಯ ಹತ್ತಿರ ಹೋಗಲಿಲ್ಲ. ರೊಟ್ಟಿಗೆಂದು ಕುಟ್ಟಿದ ಶೇಂಗಾ ಹಿಂಡಿಯನ್ನು ಆಚೆಗೆ ಕೊಡಲಿಲ್ಲ. ನಳದ ಸಪ್ಪಳ ಮೊದಲು ಕೇಳಿದರೂ ಕೂಗಲಿಲ್ಲ. ಹಾಗೆ ಬಾಯಿ ಮುಚ್ಚಿಕೊಂಡ ದಿನ ಅವಳಿಗೆ ರೊಟ್ಟಿ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ನನ್ನನ್ನು ಕೂಡಿಸಿ ನಗರಸಭೆಗೆ ಅರ್ಜಿ ಬರೆಸಿದಳು. ಬಾಜು ಮನೆಯವರು ಮೋಟರು ಹಚ್ಚಿ ನೀರು ಎಳೆಯುತ್ತಿದ್ದಾರೆ, ಬಂದು ನೋಡಬೇಕು ಎಂದು. ಚಂದವಾಗಿ ಬರೆದೆ. ಮರುದಿನ ಕೊಟ್ಟು ಬರಲೆಂದು ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಅದನ್ನು ಕೊಟ್ಟರೆ ಆ ಗೋಡೆ ಇನ್ನು ಮುಂದೆ ಬರೀ ಗೋಡೆಯಾಗಿಯೇ ಉಳಿಯುತ್ತದೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಬೆಳಿಗ್ಗೆ ಹೊರಡುವ ಹೊತ್ತಿಗೆ ಗೋಡೆಯ ಮೇಲೆ ಚಿಗವ್ವನ ಮುಖ ಕಂಡಿತು. "ಅಕ್ಕಾ, ನಳ ಬಂತು ನೋಡ! ನಿಮ್ಮ ಟಾಕಿಗೆ ಈ ಸಲಾನೂ ನೀರು ಬೀಳವಲ್ದೇನು? ನಂದು ಹಿಂದಿನ ಸಲದ ನೀರಿಂದನ ತುಂಬೇತಿ, ತಗೋ ಪೈಪು, ಬಾಯಿಲೆ ಜಗ್ಗಿದ್ರ ತಾನ ಹರಿತೈತಿ." ನಾವು ಉತ್ತರ ಕೊಡುವ ಮುಂಚೆಯೇ ಹಸಿರು ಪೈಪು ಗೋಡೆ ಹಾರಿ ಬಂದು ನಮ್ಮ ಟಾಕಿಯಲ್ಲಿ ಬಿತ್ತು. "ಹೊಂಬಳದಿಂದ ನಳದ ಮಿಸ್ತ್ರಿನ್ನ ಕರಸೇನಿ. ನಿಮ್ಮ ಮನೀಗೇ ಕಳಸ್ತೀನಿ. ಮಾಸ್ತರ ನೋಡಿದ್ರ ಈ ಜನ್ಮದಾಗ ಮುಗಿಯಂಗಿಲ್ಲ ಇದು."

ನನಗೆ ಕಿಸೆ ಸುಡತೊಡಗಿತು.

ಮಿಸ್ತ್ರಿ ಬಂದವನು ರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಟಾಕಿಯ ಹತ್ತಿರ ಪೈಪು ಮೂಲೆ ತಿರುಗುವ ಜಾಗದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬೆರಳಿನಿಂದ ತಟ್ಟಿದ. "ಇಲ್ಲೇ ಏನೋ ಸಿಕ್ಕೊಂಡೈತ್ರಿ ಮಾಸ್ತರ. ಜೋರು ಇದ್ದಾಗ ನೀರು ಅದರ ಸಂದ್ಯಾಗಿಂದ ನುಗ್ಗಿ ಬರತೈತಿ. ಬ್ಯಾಸಗ್ಯಾಗ ಜೋರಿಲ್ಲ, ಅಲ್ಲೇ ನಿಂತು ಬಿಡತೈತಿ."

ನಳ ನಿಂತ ಮೇಲೆ ಪೈಪು ಬಿಚ್ಚಿದ. ತಂತಿಯ ಕೊಕ್ಕೆ ಹಾಕಿ ಎಳೆದ. ಮೊದಲು ಕರಿ ನೀರು ಬಂತು, ಆಮೇಲೆ ಕೊಳೆತ ಬೆಂಡು, ಅದಕ್ಕೆ ಸುತ್ತಿದ ಬಟ್ಟೆ. ಅವ್ವನ ಬೂಚು! ನಳ ಹೋದ ಮೇಲೆ ಪೈಪು ಗಾಳಿ ಒಳಗೆ ಜಗ್ಗುತ್ತದಂತೆ, ಬೂಚನ್ನೂ ಜಗ್ಗಿಕೊಂಡಿತ್ತು; ಆಮೇಲೆ ನೀರಿನ ಜೋರಿಗೆ ಅದು ಮುಂದೆ ಸರಿದು ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಒಳಗಿಟ್ಟೇ ನಾನು ಮುಂದೆ ನಿಂತು ಹೊಸ ಪೈಪು ಕೂಡಿಸಿದ್ದೆ.

"ಕಂಕಳಾಗ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದಂಗಾತು ನಿಮ್ಮದು," ಎಂದು ಮಿಸ್ತ್ರಿ ನಕ್ಕ.

ಚಿಗವ್ವ ಆ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಹಸಿರು ಒಡಲು, ಕೆಂಪು ಅಂಚು. "ಅಕ್ಕಾ, ಇದು ನಾ ಲಕ್ಷ್ಮೇಶ್ವರದ ಸಂತ್ಯಾಗ ಆರಿಸಿ ತಂದು ನಿನಗ ಉಡಿಸಿದ ಸೀರಿ ಅಲ್ಲೇನ? ಬೂಚಿಗೆ ಹಾಕಿದ್ಯಾ?"

"ಹತ್ತು ವರ್ಷ ಉಟ್ಟೆ. ಮೆತ್ತಗ ಆದಮ್ಯಾಲೆ ಅದನ್ನ ಬ್ಯಾರೆ ಯಾವುದಕ್ಕೂ ಹರದು ಬಳಸಲಿಲ್ಲ. ಕುಡಿಯೋ ನೀರಿಗೆ ಅಂತ ಇಟ್ಟಿದ್ದೆ," ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ಲೇ, ಕಿಸೇದಾಗಿಂದು ತಗಿ. ಓದು."

"ಅವ್ವಾ, ಬ್ಯಾಡ."

"ಓದು ಅಂದೆ."

ಮೂವತ್ತು ಹುಡುಗರ ಮುಂದೆ ನಿಂತು ಓದುವ ನಾನು ಆ ಐದು ಸಾಲಿನಲ್ಲಿ ಮೂರು ಕಡೆ ತಡವರಿಸಿದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಚಿಗವ್ವ ಕೊನೆಯವರೆಗೂ ಕೇಳಿದಳು.

"ಮೋಟರ್ ಐತಿ ಖರೆ," ಎಂದಳು. "ಹೊಲಿಗಿ ಮಷೀನಿಗೆ ಹಚ್ಚಿಸೇನಿ. ತುಳದು ತುಳದು ಮೊಣಕಾಲು ಹೋಗಿದ್ವು." ನಗುವಳೆಂದುಕೊಂಡೆ, ನಗಲಿಲ್ಲ. "ಒಂದು ಮಾತು ಕೇಳಬಾರದಾಗಿತ್ತೇನ ಅಕ್ಕಾ? ಗೋಡಿಗೆ ಕಿವಿ ಹಚ್ಚೋ ಬದಲಿ, ಗೋಡಿ ಮ್ಯಾಲಿಂದ ಕೇಳಬೇಕಿತ್ತು."

ಅವ್ವ ಆ ಬಟ್ಟೆಯ ತುಂಡನ್ನು ಅವಳ ಕೈಯಿಂದ ತೆಗೆದುಕೊಂಡಳು. "ಕೇಳಿದ್ರ, ನೀ ಹೌದು ಅಂದುಬಿಟ್ರ ಮುಂದ ಹೆಂಗ ಅಂತ ಹೆದರಿಕಿ ಆತವ್ವಾ," ಎಂದಳು. "ನೀರು ಹೋದ್ರ ಟ್ಯಾಂಕರ್ ತರಸಬಹುದು."

ಚಿಗವ್ವ ನನ್ನ ಕೈಯಿಂದ ಅರ್ಜಿ ಕಸಿದು ಮಿಸ್ತ್ರಿಗೆ ಕೊಟ್ಟಳು. "ಕೈ ಒರಸ್ಕೊಳ್ರಿ. ಮಾಸ್ತರ ಅಕ್ಷರ ಭಾಳ ಚಂದ ಅದಾವು." ಈಗ ನಕ್ಕಳು. ಮಿಸ್ತ್ರಿ ಆ ಐದು ಸಾಲಿನ ಮೇಲೆಯೇ ಕೈ ಒರೆಸಿಕೊಂಡ.

ಮುಂದಿನ ಸಲ ನಳ ಬಂದದ್ದು ಹತ್ತು ದಿನದ ಮೇಲೆ, ಊಟದ ಹೊತ್ತಿಗೆ. ಸುಸ್ಸೆಂದ ಕೂಡಲೇ ಅವ್ವ ತಾಟು ಸರಿಸಿ ಎದ್ದು ಗೋಡೆಗೆ ಓಡಿದಳು. "ತಂಗೀ, ನಳ ಬಂತವ್ವಾ!" ಓಣಿಯ ಕೊನೆಗೂ ಕೇಳುವ ಹಾಗಿತ್ತು ಆ ಕೂಗು. ಆಚೆಯಿಂದ ಚಿಗವ್ವ ಬಂದಳು, ಇಬ್ಬರೂ ಗೋಡೆಗೆ ಒರಗಿ ಮಾತಿಗೆ ನಿಂತರು. ಬೇಸಿಗೆಯಿಡೀ ಕಟ್ಟಿಟ್ಟ ಮಾತು, ಬೇಗ ಮುಗಿಯುವಂಥದ್ದಲ್ಲ. ಅಷ್ಟರಲ್ಲಿ, ಚಿಗವ್ವ ಕೊಟ್ಟ ನೀರು ಇನ್ನೂ ಉಳಿದಿದ್ದ ನಮ್ಮ ಟಾಕಿ ತುಂಬಿ, ಅಂಗಳ ದಾಟಿ, ನೀರು ರಸ್ತೆಗೆ ಹರಿಯತೊಡಗಿತು. ಒಂದು ತಂಬಿಗೆ ನೀರು ಚೆಲ್ಲಿದರೂ ನನ್ನನ್ನು ಬೈಯುವ ಅವ್ವ ತಿರುಗಿ ನೋಡಿದಳು, ನೀರು ಹರಿಯುವುದನ್ನು ಕಂಡಳು, ಮತ್ತೆ ಗೋಡೆಯ ಕಡೆ ತಿರುಗಿ ಮಾತು ಮುಂದುವರಿಸಿದಳು. ನಾನೇ ಎಂಜಲುಗೈಯಲ್ಲಿ ಹೋಗಿ ವಾಲ್ವು ತಿರುವಿದೆ.