ಹೂ ಕೇಳಿದ ಐದು ವಾರ

ದೇವರಿಗೆ ಮೋಸ ಮಾಡಲು ಹೊರಟು ಸಿಕ್ಕಿಬಿದ್ದವಳು ನಾನು. ಸಿಕ್ಕಿಬಿದ್ದದ್ದು ಅತ್ತೆಯ ಕೈಗೆ ಎನ್ನುವುದು ಬೇರೆ ಮಾತು.

ಐವತ್ತರ ಹೊಸ್ತಿಲಲ್ಲಿ ಬ್ಯಾಂಕಿನವರು ನನಗೆ ಬಡ್ತಿ ಕೊಟ್ಟು ನಾಸಿಕದಿಂದ ಸಂಭಾಜಿನಗರಕ್ಕೆ ಎತ್ತಿ ಹಾಕಿದರು. ಗಂಡನಿಗೆ ದೇವಳಾಲಿ ಕ್ಯಾಂಪಿನಲ್ಲಿ ಕೇಂದ್ರ ಸರ್ಕಾರದ ನೌಕರಿ. ಅವರೂ ಅತ್ತೆಯೂ ನಾಸಿಕದ ಮನೆಯಲ್ಲೇ ಉಳಿದರು. ನಾನು ಅಲ್ಲೊಂದು ಕೋಣೆ, ಅಡುಗೆಮನೆ ಬಾಡಿಗೆಗೆ ಹಿಡಿದು, ಶನಿವಾರ ರೈಲು ಹತ್ತಿ ಹೋಗಿ ಭಾನುವಾರ ಸಂಜೆ ಮರಳುವ ಸಂಸಾರ ಶುರುಮಾಡಿದೆ. ಧಾರವಾಡದ ತವರಿನಿಂದ ಬಂದ ದೇವಿಯ ಬೆಳ್ಳಿ ಮುಖವೊಂದಿತ್ತು, ಅಂಗೈಯಗಲದ್ದು. ಒಂಟಿ ಹೆಂಗಸಿಗೆ ಜೊತೆ ಬೇಕಲ್ಲ ಎಂದು ಅವಳನ್ನೂ ಕರೆತಂದಿದ್ದೆ.

ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಮೊಲೆಯಲ್ಲಿ ಬಟಾಣಿ ಕಾಳಿನಷ್ಟು ಗಂಟು ಕೈಗೆ ಹತ್ತಿತು. ಬ್ಯಾಂಕಿನ ಹತ್ತಿರದ ಡಾಕ್ಟರಮ್ಮ ಒತ್ತಿ ನೋಡಿ, ಸೂಜಿ ಹಾಕಿ ಪರೀಕ್ಷೆ ಮಾಡಿಸಬೇಕೆಂದು ಚೀಟಿ ಬರೆದುಕೊಟ್ಟರು. “ಉಶೀರ ಕರೂ ನಕಾ, ಮ್ಯಾಡಮ್” ಎಂದು ಎರಡು ಸಲ ಹೇಳಿದರು. ತಡಮಾಡಬೇಡಿ ಎಂಬಷ್ಟು ಮರಾಠಿ ನನಗೆ ಅರ್ಥವಾಗುತ್ತದೆ. ನಾಳೆ ಬರುತ್ತೇನೆಂದು ಹೇಳಿ ಬಂದವಳು ಹೋಗಲಿಲ್ಲ. ಗಂಡನಿಗೂ ಹೇಳಲಿಲ್ಲ.

ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಆದರೆ ಹೆದರಿದ್ದೇನೆಂದು ಒಪ್ಪಿಕೊಳ್ಳುವ ಹೆಂಗಸಲ್ಲ ನಾನು. ಹಾಗಾಗಿ ಹೆದರಿಕೆಗೆ ಭಕ್ತಿಯ ಸೀರೆ ಉಡಿಸಿದೆ. ದೇವಿಯ ಅಪ್ಪಣೆಯಿಲ್ಲದೆ ಮೈಗೆ ಸೂಜಿ ಚುಚ್ಚಿಸಿಕೊಳ್ಳುವುದುಂಟೇ? ತವರಿನಲ್ಲಿ ಮದುವೆ, ಬಾವಿ, ಹೊಸ ಮನೆ, ಯಾವುದಕ್ಕೂ ಮೊದಲು ಹೂ ಕೇಳುವ ರೂಢಿಯಿತ್ತು. ಎರಡು ಎಸಳು ನೀರಿನಲ್ಲಿ ಅದ್ದಿ ದೇವಿಯ ಎರಡು ಕೆನ್ನೆಗೆ ಅಂಟಿಸಿ, ಪ್ರಶ್ನೆ ಕೇಳಿ ಕಾಯಬೇಕು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಕೇಳುತ್ತಿದ್ದವಳು ಅಜ್ಜಿ. ನಾನು ಸ್ವತಃ ಕೇಳಿದ್ದು ಇದೇ ಮೊದಲು.

ಮೊದಲ ಶುಕ್ರವಾರ ಪ್ರಾಮಾಣಿಕಳಾಗಿಯೇ ಕೇಳಿದೆ. ಸೇವಂತಿಗೆಯ ಎರಡು ಎಸಳು ಅಂಟಿಸಿ, ಕಣ್ಣು ಮುಚ್ಚಿ, “ಡಾಕ್ಟರ ಕಡೆ ಹೋಗಲೇನವ್ವಾ?” ಎಂದೆ. ಕಣ್ಣು ತೆರೆದಾಗ ಎಡಗಡೆಯ ಎಸಳು ಕೆಳಗೆ ಬಿದ್ದಿತ್ತು. ಬೇಡವಂತೆ! ಆ ಖುಷಿಗೆ ಬ್ಯಾಂಕಿನಲ್ಲಿ ಎಲ್ಲರಿಗೂ ಪೇಢೆ ಹಂಚಿದೆ. ಏನು ವಿಶೇಷ ಎಂದು ಕೇಳಿದವರಿಗೆ ಗಂಡನ ಹುಟ್ಟುಹಬ್ಬ ಎಂದೆ. ಅದು ಏಳು ತಿಂಗಳು ದೂರವಿತ್ತು.

ಆದರೆ ಮರುದಿನವೂ ಸ್ನಾನದ ಮನೆಯಲ್ಲಿ ಗಂಟು ಇದ್ದಲ್ಲೇ ಇತ್ತು. ಮನಸ್ಸು ತಡೆಯಲಿಲ್ಲ. ಎರಡನೇ ವಾರ ಮತ್ತೆ ಕೇಳಿದೆ, ಆದರೆ ಈ ಸಲ ದೇವಿ ಮನಸ್ಸು ಬದಲಾಯಿಸಿಬಿಟ್ಟರೆ ಎಂಬ ಭಯಕ್ಕೆ ಬಲಗಡೆಯ ಎಸಳಿಗೆ ನೀರಿನ ಜೊತೆ ಒಂದಿಷ್ಟು ಗಂಧವನ್ನೂ ಮೆತ್ತಿದೆ. ಅದು ಸಿಮೆಂಟು ಹಾಕಿದ ಹಾಗೆ ಕೂತಿತು. ಎಡಗಡೆಯದು ಪಾಪ ತಾನಾಗಿ ಬಿತ್ತು. ಮೂರನೇ ವಾರ ಗಂಧ ಇನ್ನಷ್ಟು ದಪ್ಪವಾಯಿತು. ನಾಲ್ಕನೇ ವಾರವೂ ದೇವಿಯದು ಅದೇ ಮಾತು. ನಮ್ಮ ಹೆಡ್ಡಾಫೀಸಿನವರು ಕೂಡ ಇಷ್ಟು ಸಲ ಒಂದೇ ಮಾತು ಹೇಳಿದ್ದನ್ನು ನಾನು ಕಂಡಿಲ್ಲ. ಸಿಲ್ಲೋಡ್ ಕಡೆಯ ಹತ್ತಿ ವ್ಯಾಪಾರಿಗಳ ಸಾಲದ ಅರ್ಜಿಯಲ್ಲಿ ಒಂದು ಸಹಿ ತಪ್ಪಿದ್ದರೆ ಮುಖಕ್ಕೆ ಹೊಡೆದಂತೆ ವಾಪಸು ಕಳಿಸುವ ನಾನು, ನನ್ನ ಅರ್ಜಿಗೆ ನಾನೇ ಸಹಿ ಹಾಕಿಕೊಂಡು ಪಾಸು ಮಾಡುತ್ತಿದ್ದೆ.

ನಡುವೆ ಒಂದು ಭಾನುವಾರ ನಾಸಿಕ ತಪ್ಪಿಸಿ ಪೈಠಣಕ್ಕೂ ಹೋಗಿಬಂದೆ. ಗೋದಾವರಿಯ ಮೆಟ್ಟಿಲ ಮೇಲೆ ಪುರಾಣದ ಪೋಥಿ ಓದುತ್ತಿದ್ದ ಮುದುಕರೊಬ್ಬರು ನನ್ನ ಮುಖ ನೋಡಿ, ಭಾರವೆಲ್ಲ ದೇವರ ಮೇಲೆ ಹಾಕು ಎಂದರು. ನಾನು ಅಕ್ಷರಶಃ ಹಾಗೆಯೇ ಮಾಡಿದೆ. ಡಾಕ್ಟರ ಚೀಟಿಯನ್ನು ಮಡಚಿ ದೇವಿಯ ಪೀಠದ ಕೆಳಗೆ ಇಟ್ಟೆ.

ಐದನೇ ವಾರ ಅತ್ತೆ ಬಂದರು. ಎಪ್ಪತ್ತೆಂಟು ವಯಸ್ಸು, ಕಣ್ಣು ಮಾತ್ರ ಹದ್ದಿನದು. ಶುಕ್ರವಾರ ಬೆಳಿಗ್ಗೆ ಅವರು ಏಳುವ ಮೊದಲೇ ಕೆಲಸ ಮುಗಿಸೋಣವೆಂದರೆ ಬೆನ್ನ ಹಿಂದೆಯೇ ಬಂದು ನಿಂತಿದ್ದರು.

“ಏನ್ ಕೇಳಾಕತ್ತೀ?”

“ನಾಸಿಕಕ್ಕ ವಾಪಸ್ ವರ್ಗ ಆಗತೈತೇನು ಅಂತ ಕೇಳೀನ್ರಿ ಅತ್ತಿ” ಎಂದು ಸಲೀಸಾಗಿ ಸುಳ್ಳು ಹೇಳಿದೆ. ಅಷ್ಟರಲ್ಲಿ ಎಂದಿನ ಎಸಳು ಎಂದಿನಂತೆ ಬಿತ್ತು. “ನೋಡ್ರಿ, ಎಡಕ್ಕ ಬಿತ್ತು. ಇಲ್ಲ ಅಂದ್ಲು.”

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. “ಯಾರ ಎಡಕ್ಕ ಬಿತ್ತು? ಅಕಿ ನಿನ್ನ ಕಡೆ ಮುಖಾ ಮಾಡಿ ಕುಂತಾಳ. ನಿನ್ನ ಎಡ ಅಂದ್ರ ಅಕಿ ಬಲ. ಹೂ ಕೊಡಾಕಿ ಅಕಿಯೋ ನೀನೋ? ಬ್ಯಾಂಕಿನಾಗ ಸಾಹೇಬ ಆಗೀದಿ, ಇಷ್ಟೂ ತಿಳೀವಲ್ದು. ಅಕಿ ಹೂಂ ಅಂದಾಳ ತಗೋ.”

ನಾನು ಅಲ್ಲೇ ನೆಲಕ್ಕೆ ಕೂತೆ. ಐದು ವಾರದಿಂದ ದೇವಿ ಹೋಗು, ಹೋಗು ಎನ್ನುತ್ತಿದ್ದಳು. ಇನ್ನೊಂದು ಯೋಚನೆ ಬಂದಾಗ ನಗುವೂ ಅಳುವೂ ಒಟ್ಟಿಗೇ ನುಗ್ಗಿದವು. ನಾನು ಗಂಧ ಮೆತ್ತಿ ಮೆತ್ತಿ ಅಂಟಿಸಿದ್ದು ಅವಳ ‘ಬೇಡ’ವನ್ನು. ಮೋಸ ಮಾಡಿದ್ದರಲ್ಲೂ ದಡ್ಡಿಯಾಗಿದ್ದೆ.

“ವರ್ಗ ಆಗತೈತಿ ಅಂದ್ರ ಯಾರರ ಅಳ್ತಾರೇನ?” ಎಂದರು ಅತ್ತೆ. ನಾನು ಅವರ ಕೈ ಹಿಡಿದು ಗಂಟಿನ ಮೇಲೆ ಇಟ್ಟೆ. ಅವರ ಮುಖದ ನಗು ಆರಿಹೋಯಿತು.

“ಎಷ್ಟ ದಿನ ಆತು?”

“ಐದು ವಾರ ಆತ್ರಿ.”

“ಐದು ವಾರ ಇದನ್ನ ಕೇಳ್ಕೋತ ಕುಂತಿದ್ದೇನ? ಹುಚ್ಚಿ! ಗಂಟು ಕೈಗೆ ಹತ್ತೇತಿ, ಇನ್ನ ಹೂ ಎದಕ್ಕ ಬೇಕು? ಏಳು, ಸೀರಿ ಉಡು.”

ಅತ್ತೆಯೇ ರಿಕ್ಷಾ ನಿಲ್ಲಿಸಿದರು. ಇಷ್ಟು ದಿನ ಯಾಕೆ ತಡಮಾಡಿದಿರಿ ಎಂದು ಡಾಕ್ಟರಮ್ಮ ಕೇಳಿದಾಗ ಎಡಬಲದ ಕಥೆ ಬಿಟ್ಟು ಬ್ಯಾಂಕಿನ ಕೆಲಸದ ನೆಪ ಹೇಳಿದೆ. ನಿಜ ಹೇಳಬೇಕೆಂದರೆ ಎಡಬಲ ಸರಿಯಾಗಿ ಗೊತ್ತಿದ್ದರೂ ಗಂಧ ಇನ್ನೊಂದು ಕೆನ್ನೆಗೆ ಹೋಗುತ್ತಿತ್ತು. ನಾನು ದೇವಿಯನ್ನು ನಂಬಿ ಕೇಳಿರಲಿಲ್ಲ. ನನ್ನ ಮಾತನ್ನೇ ಅವಳ ಬಾಯಿಂದ ಹೇಳಿಸುತ್ತಿದ್ದೆ. ಈ ಸಂಗತಿ ಇವತ್ತಿಗೂ ನನ್ನನ್ನು ನಾಚಿಸುತ್ತದೆ.

ರಿಪೋರ್ಟಿನಲ್ಲಿ ನಾನು ಹೆದರಿದ್ದ ಶಬ್ದವೇ ಇತ್ತು. ಗಂಡ ಸಿಕ್ಕ ಬಸ್ಸು ಹತ್ತಿ ಬಂದರು, ನನಗಿಂತ ಹೆಚ್ಚು ಅತ್ತರು. ಗಂಟು ಇನ್ನೂ ಸಣ್ಣದಿದೆ, ಹರಡಿಲ್ಲ, ಆದರೆ ಇನ್ನೊಂದು ದಿನವೂ ಕಾಯುವುದು ಬೇಡ ಎಂದರು ಡಾಕ್ಟರು. ನಾಸಿಕದಲ್ಲಿ ಆಪರೇಷನ್ ಗೊತ್ತಾಯಿತು.

ಆಪರೇಷನ್ನಿನ ಬೆಳಿಗ್ಗೆ ಆಸ್ಪತ್ರೆಯ ಹಸಿರು ಅಂಗಿ ಹಾಕಿಕೊಂಡು ಮಂಚದ ಮೇಲೆ ಮಲಗಿದ್ದೆ. ಅತ್ತೆ ಗೋಡೆಯ ಕಡೆ ತಿರುಗಿ, ಕೈಮುಗಿದು, ಏನೋ ಗೊಣಗುತ್ತಿದ್ದರು. ಬಹಳ ಹೊತ್ತು ಗೊಣಗಿದರು. ಸಿಸ್ಟರ್ ಬಂದು ಮಂಚ ತಳ್ಳಲು ನಿಂತಾಗ ಕೇಳಿದೆ, “ದೇವಿಗೆ ಏನ್ ಕೇಳಿದ್ರಿ ಅತ್ತಿ?”

“ಕೇಳಾಕ ನಾ ಏನು ನಿನ್ನಂಗ ಹುಚ್ಚಿ ಏನ? ಹೇಳೀನಿ” ಎಂದರು.

“ಏನಂತ್ರಿ?”

“ಇಪ್ಪತ್ತಾರು ವರ್ಷ ಆತು, ನಾ ಇಕಿನ್ನ ಬೈಕೋತ ಬಂದೀನಿ. ನಂದಿನ್ನೂ ಮುಗದಿಲ್ಲ. ನಡುವ ನೀ ಕೈ ಹಾಕಬ್ಯಾಡ ಅಂತ ಹೇಳೀನಿ.”

ಒಳಗೆ ಹೋಗುವಾಗ ನಾನು ಯಾವ ದೇವರನ್ನೂ ಏನನ್ನೂ ಕೇಳಲಿಲ್ಲ. ಮೂರು ವರ್ಷವಾಯಿತು. ಇವತ್ತು ಬೆಳಿಗ್ಗೆಯೂ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೈಸಿಕೊಂಡೆ.