ಮಾವ ಅಂಟಿಸಿಕೊಂಡ ಕ್ಯಾಪು

ಬೀದಿಯವರೆಲ್ಲ ಅವರನ್ನು ರಿಪೇರಿ ತಾತ ಎಂದೇ ಕರೆಯುತ್ತಿದ್ದರು. ಗಡಿಯಾರದ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಅವರ ಬೆರಳುಗಳಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಮನೆಯಲ್ಲಿ ಏನಾದರೂ ಕೆಟ್ಟಿತೆಂದು ಜೋರಾಗಿ ಹೇಳುವಂತಿರಲಿಲ್ಲ. ಹೇಳಿದವರು ಹಿಂತಿರುಗಿ ನೋಡುವಷ್ಟರಲ್ಲಿ ಅದು ಅವರ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿತ್ತು. ಇಸ್ತ್ರಿ ಪೆಟ್ಟಿಗೆ, ಛತ್ರಿ, ಕುಕ್ಕರಿನ ಹಿಡಿ, ಯಾವುದಾದರೂ ಸರಿ. ಕೆಲವು ಬದುಕುತ್ತಿದ್ದವು. ಬದುಕದವನ್ನು, "ಇರಲಿ, ಬಿಡಿಭಾಗಕ್ಕಾಗುತ್ತೆ" ಎಂದು ಎತ್ತಿಡುತ್ತಿದ್ದರು.

ಸೊಸೆಗೆ ಇದೆಲ್ಲ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಒಂದೇ. ಅವಳು ಹಲ್ಲಿನ ಡಾಕ್ಟರು. ಮನೆಯಿಂದ ಎರಡು ಬೀದಿಯಾಚೆ ಅವಳದೇ ಕ್ಲಿನಿಕ್ಕು. ಮಾವ ವಾರಕ್ಕೊಮ್ಮೆ ಬಂದು ಕ್ಲಿನಿಕ್ಕಿನ ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟು ಹೋಗುತ್ತಿದ್ದರು. ಒಳಗಿನ ಕುರ್ಚಿಯತ್ತ ಮಾತ್ರ ಸುಳಿಯುತ್ತಿರಲಿಲ್ಲ. ಅವಳು ಮದುವೆಯಾಗಿ ಬಂದಾಗಿನಿಂದ ಅವರು ಒಮ್ಮೆಯೂ ಅವಳಿಗೆ ಹಲ್ಲು ತೋರಿಸಿರಲಿಲ್ಲ. "ನನ್ನ ಹಲ್ಲಿಗೇನು ಧಾಡಿ? ಕಬ್ಬಿಣ!" ಎನ್ನುತ್ತಿದ್ದರು. ನಗುವಾಗಲೂ ಕೈ ಅಡ್ಡ ಹಿಡಿಯುತ್ತಿದ್ದರು.

ಆ ಶನಿವಾರ ಮಧ್ಯಾಹ್ನ ಕ್ಲಿನಿಕ್ಕಿನ ನರ್ಸಮ್ಮ ಒಳಕೋಣೆಯ ಬಾಗಿಲಲ್ಲಿ ತಲೆ ಹಾಕಿದರು. "ಮೇಡಂ, ಹೊರಗೆ ನಿಮ್ಮ ಅತ್ತೆ ಮಾವ. ಅತ್ತೆ ಕೂತಿದಾರೆ. ಮಾವ ಹೊರಡ್ತೀನಿ ಅಂತ ನಿಂತಿದಾರೆ. ಅಂಗಿಯ ಚುಂಗು ಅತ್ತೆ ಕೈಯಲ್ಲಿದೆ."

ಸೊಸೆ ಹೊರಗೆ ಬಂದು ನೋಡಿದಳು. ಮಾವನ ಎಡಗೆನ್ನೆ ಊದಿ, ಕಣ್ಣಿನ ಕೆಳಗಿನ ಸುಕ್ಕುಗಳೆಲ್ಲ ಮಾಯವಾಗಿದ್ದವು. ಕೆಲವು ದಿನಗಳಿಂದ ಕಿವಿಗೆ ಗಾಳಿ ಹೊಕ್ಕಿದೆ ಎಂದು ಸುತ್ತಿಕೊಂಡಿದ್ದ ಮಫ್ಲರು ಈಗ ಅತ್ತೆಯ ಮಡಿಲಲ್ಲಿತ್ತು. ಒಂದೇ ಮನೆಯಲ್ಲಿದ್ದೂ ಆ ಮಫ್ಲರಿನೊಳಗೆ ಇಣುಕಿ ನೋಡಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಮಾವ, ನೀರು ನುಂಗೋಕೆ ಆಗುತ್ತಾ?"

"ಆಗುತ್ತೆ."

"ಉಸಿರಾಡೋಕೆ?"

"ನಿಮ್ಮತ್ತೆ ಅಂಗಿ ಬಿಟ್ರೆ ಅದೂ ಆಗುತ್ತೆ. ಎರಡು ಮಾತ್ರೆ ಕೊಡಮ್ಮ, ಹೋಗ್ತೀನಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ನೀವು ನೋಡ್ಕೊಂಡಿದ್ದು ಸಾಕು!" ಅತ್ತೆ ಸಿಡಿದರು. "ಕೇಳಮ್ಮ, ಹಲ್ಲಿನ ಮೇಲಿಂದ ಬಿದ್ದುಹೋದ ಕ್ಯಾಪನ್ನ ಮನೇಲೇ ಅಂಟಿಸ್ಕೊಂಡಿದಾರೆ."

"ಯಾವ ಕ್ಯಾಪು?" ಸೊಸೆ ಬೆಪ್ಪಾದಳು. "ನಾನು ಯಾವ ಕ್ಯಾಪೂ ಹಾಕಿಲ್ವಲ್ಲ."

ಅತ್ತೆ ಮಫ್ಲರು ಮಡಚತೊಡಗಿದರು. ಮಾವ ಗೋಡೆಯ ಮೇಲಿದ್ದ, ನಗುವ ದವಡೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದರು.

"ಪೇಟೇಲಿ ಒಬ್ಬ ಡಾಕ್ಟರಿದಾನೆ," ಎಂದರು ಕೊನೆಗೆ. "ಹಾಕಿಕೊಟ್ಟ. ಈಚೆಗೆ ಬಿದ್ದುಹೋಯ್ತು. ಮತ್ತೆ ಅಷ್ಟು ದೂರ ಯಾರು ಹೋಗ್ತಾರೆ? ಸರಿಯಾಗಿ ಕೂರ್ತಿರಲಿಲ್ಲ. ಒಳಗಡೆ ಸಣ್ಣ ಅರದಿಂದ ಉಜ್ಜಿ, ಅಂಟು ಹಾಕಿ ಕೂರಿಸಿದೆ. ಕನ್ನಡಿ ಮುಂದೆ. ಒಂದು ಚೂರೂ ಅಲ್ಲಾಡಲ್ಲ, ನೋಡು ಬೇಕಾದ್ರೆ."

"ಯಾವ ಅಂಟು?"

"ಚಪ್ಪಲಿಗೆ ಹಾಕಿದ್ನಲ್ಲ, ಅದೇ. ಬಲು ಗಟ್ಟಿ."

ಕಾಯುತ್ತಿದ್ದ ಇಬ್ಬರು ರೋಗಿಗಳು ಕೇಳದವರಂತೆ ಮುಖ ತಿರುಗಿಸಿದರು. ಸೊಸೆಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಊರ ಬಾಯಿಗಳನ್ನೆಲ್ಲ ಅವಳು ನೋಡುತ್ತಾಳೆ, ತನ್ನ ಮನೆಯ ಬಾಯಿ ಪೇಟೆಯ ಯಾರದೋ ಮುಂದೆ ತೆರೆದುಕೊಂಡು ಬಂದಿದೆ. ಸಾಲದ್ದಕ್ಕೆ ಅದಕ್ಕೆ ಚಪ್ಪಲಿಯ ಅಂಟು. ಅವಳು ಮಾವನ ಮೊಣಕೈ ಹಿಡಿದು ಒಳಗೆ ಕರೆದೊಯ್ದಳು. ಹಿಡಿದದ್ದು ಎನ್ನುವುದಕ್ಕಿಂತ ಎಳೆದದ್ದು ಎನ್ನಬೇಕು.

ಎಕ್ಸ್‌ರೇಯಲ್ಲಿ ಎಲ್ಲ ಕಾಣಿಸಿತು. ಕೆಳದವಡೆಯ ಹಲ್ಲು. ಕ್ಯಾಪಿನಡಿ ಹುಳುಕು ಸೇರಿದೆ, ಬೇರಿನ ತುದಿಯಲ್ಲಿ ಕೀವಿನ ಕಪ್ಪು ನೆರಳು ಕೂತಿದೆ. ಕೀವು ಹೊರಬರಲು ಇದ್ದ ಸಂದನ್ನೆಲ್ಲ ಮಾವ ತಮ್ಮ ಕೈಯಾರೆ ಮುಚ್ಚಿದ್ದರು. ಬಾಯಿ ಎರಡು ಬೆರಳಗಲಕ್ಕಿಂತ ಹೆಚ್ಚು ತೆರೆಯುತ್ತಿರಲಿಲ್ಲ.

"ನೋಡಿ ಮಾವ, ಈ ಬಾವು ಕೆನ್ನೆಯಲ್ಲೇ ನಿಲ್ಲಲ್ಲ. ಕುತ್ತಿಗೆಗೆ ಇಳಿದ್ರೆ ಉಸಿರಿಗೇ ಬರುತ್ತೆ. ಆಮೇಲೆ ನನ್ನ ಕೈಲಿಲ್ಲ, ದೊಡ್ಡಾಸ್ಪತ್ರೆಗೇ ಹೋಗ್ಬೇಕು. ಈಗ್ಲೇ ಕ್ಯಾಪಿಗೆ ತೂತು ಮಾಡಿ ಕೀವು ಹೊರಗೆ ಬಿಡ್ಬೇಕು."

"ಕೀಳಲ್ಲ ತಾನೇ?"

"ಬೇರು ಇನ್ನೂ ಚೆನ್ನಾಗಿದೆ. ನಾನು ಹೇಳಿದ ಹಾಗೆ ಬಂದು ರೂಟ್ ಕೆನಾಲ್ ಮುಗಿಸ್ಕೊಂಡ್ರೆ ಹಲ್ಲು ಉಳಿಯುತ್ತೆ."

"ಕೆಟ್ಟಿದ್ದನ್ನ ಬಿಚ್ಚುವಾಗ ನಾನು ಯಾವತ್ತೂ ಮಾಲೀಕನನ್ನ ಎದುರಿಗೇ ಕೂರಿಸ್ಕೋತಿದ್ದೆ," ಎಂದರು ಮಾವ ಗಂಭೀರವಾಗಿ. "ನನಗೊಂದು ಕನ್ನಡಿ ಕೊಡು. ನೋಡ್ತಿರ್ತೀನಿ."

ವಾದಿಸುವಷ್ಟು ಹೊತ್ತಿರಲಿಲ್ಲ. ಅವಳು ಕೈಗನ್ನಡಿ ಕೊಟ್ಟಳು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕಾದಳು. ತುಟಿ ದಪ್ಪಗಾಯಿತು; ಆದರೆ ಕೀವು ತುಂಬಿದ ಕಡೆ ಮದ್ದು ಪೂರ್ತಿ ಹಿಡಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. "ನೋವಾದ್ರೆ ಕೂಗಿ," ಎಂದು ಡ್ರಿಲ್ ಎತ್ತಿದಳು. ಲೋಹಕ್ಕೆ ಲೋಹ ತಾಗಿ ಕೀಚಲು ಸದ್ದೆದ್ದಿತು. ಕನ್ನಡಿ ಒಂದಿಷ್ಟು ಹೊತ್ತು ನೆಟ್ಟಗಿತ್ತು. ಆಮೇಲೆ ಎದೆಯ ಮೇಲೆ ಮಗುಚಿ ಬಿತ್ತು. ಮಾವ ತುಟಿಪಿಟಕ್ಕೆನ್ನಲಿಲ್ಲ.

"ನೋವಾಗ್ತಿದೆಯಾ?"

ಇಲ್ಲವೆಂದು ತಲೆಯಾಡಿಸಿದರು. ಆದರೆ ಕಾಲುಚೀಲದೊಳಗೆ ಬೆರಳುಗಳು ಮುದುಡಿಕೊಂಡಿದ್ದವು. ಕಣ್ಣಿನ ಕೊನೆಯಿಂದ ನೀರಿನ ಎಳೆಯೊಂದು ಕಿವಿಯ ಕಡೆ ಇಳಿಯುತ್ತಿತ್ತು. ನರ್ಸಮ್ಮ ಅದನ್ನು ಒರೆಸಿ ಸೊಸೆಯ ಮುಖ ನೋಡಿದರು.

ಸೊಸೆ ಡ್ರಿಲ್ ಕೆಳಗಿಟ್ಟಳು. ಬಾಯೊಳಗಿನ ಹತ್ತಿ ತೆಗೆದಳು. "ಮಾವ, ನನ್ನ ಪ್ರಾಣ ತಿನ್ನಬೇಡಿ. ನೀವು ಹಲ್ಲು ಕಚ್ಚಿ... ಅಲ್ಲ, ಕಚ್ಚೋಕೂ ಆಗ್ತಿಲ್ಲ ನಿಮಗೆ! ಕೂಗದೇ ಇದ್ರೆ ಎಲ್ಲಿ ಮದ್ದು ಹಿಡಿದಿಲ್ಲ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಪೇಟೆಯವನ ಹತ್ರ ಕೂಗಿದ್ರಾ?"

"ಕೂಗಿದ್ದೆ," ಎಂದರು ಮಾವ ದಪ್ಪ ತುಟಿಯಲ್ಲಿ.

"ಮತ್ತೆ ಇಲ್ಲಿ?"

ಅವರು ಮೇಲಿನ ದೀಪವನ್ನೇ ನೋಡುತ್ತ ಮಲಗಿದರು. "ಅವನು ಯಾರೋ ಏನೋ. ಅವನ ಮುಂದೆ ಅತ್ತು ಎದ್ದು ಬಂದೆ, ಮುಗೀತು. ನಿನ್ನ ಮುಂದೆ ಅತ್ರೆ? ನಾಳೆ ಬೆಳಗ್ಗೆ ಕಾಫಿ ಲೋಟ ನಿನ್ನ ಕೈಯಿಂದಲೇ ತಗೋಬೇಕಲ್ಲಮ್ಮ. ಮನೆಗೆ ಹಿರಿಯ ನಾನು."

ಅವಳ ಸಿಟ್ಟು ನಿಂತ ನೆಲ ಸ್ವಲ್ಪ ಕುಸಿಯಿತು. ಪೂರ್ತಿ ಅಲ್ಲ. ಅಷ್ಟು ಕಾಲವೂ ಅವಳು, ಮಾವನಿಗೆ ತನ್ನ ಕೈಗುಣದ ಮೇಲೆ ನಂಬಿಕೆಯಿಲ್ಲವೆಂಬ ನೋವು ನುಂಗಿಕೊಂಡಿದ್ದಳು. ಇಲ್ಲಿ ನೋಡಿದರೆ ಒಂದು ಲೋಟ ಕಾಫಿಗಾಗಿ ಇವರು ದವಡೆಯ ತುಂಬ ಕೀವು ಸಾಕಿಕೊಂಡಿದ್ದಾರೆ.

"ಈ ಕುರ್ಚಿಯಲ್ಲಿ ಪೊಲೀಸರೂ ಅತ್ತಿದಾರೆ," ಎಂದಳು. "ನಾನೂ ಅತ್ತಿದೀನಿ. ಕಾಲೇಜಲ್ಲಿ ಬುದ್ಧಿಹಲ್ಲು ಕೀಳಿಸ್ಕೊಂಡಾಗ ನಮ್ಮ ಸರ್ ಕೈ ಕಚ್ಚಿದೀನಿ. ಕೂಗಿ ಮಾವ. ಅತ್ತೆ ಹೇಗೂ ಹೊರಗಿದಾರೆ."

"ಅವಳಿಗೆ ಎಲ್ಲಾ ಕೇಳಿಸುತ್ತೆ!"

"ಬಾಯಿ ತೆಗೀರಿ."

ಮತ್ತೆ ಡ್ರಿಲ್ ಇಳಿಯಿತು. ಈ ಸಲ ಒಂದು ಜಾಗದಲ್ಲಿ ಮಾವ ಕೂಗಿದರು. ಅದೆಂಥ ಕೂಗು! ನರ್ಸಮ್ಮನ ಕೈಯಲ್ಲಿದ್ದ ಉಗುಳು ಹೀರುವ ನಳಿಕೆ ಜಾರಿ ಸೊಸೆಯ ಕೋಟನ್ನು ಹಿಡಿದುಕೊಂಡಿತು. ಹೊರಗೆ ಕಾಯುತ್ತಿದ್ದ ಇಬ್ಬರೂ ಎದ್ದುಹೋದ ಸದ್ದು ಕೇಳಿಸಿತು. "ಯಾರ್ರೀ ಅದು, ನಮ್ಮನೆಯವರಾ?" ಎಂದು ಅತ್ತೆ ಬಾಗಿಲು ಬಡಿದರು.

"ಸರಿ, ಗೊತ್ತಾಯ್ತು," ಎಂದು ಸೊಸೆ ಅದೇ ಜಾಗಕ್ಕೆ, ಹಲ್ಲಿನೊಳಕ್ಕೇ, ಇನ್ನೊಂದು ಹನಿ ಮದ್ದು ಇಳಿಸಿದಳು. ಮಾವನ ಮುಷ್ಟಿ ಮೆಲ್ಲಗೆ ಬಿಚ್ಚಿತು. ಸ್ವಲ್ಪ ಹೊತ್ತಿಗೆ ಕ್ಯಾಪಿನ ತೂತಿನಿಂದ ಕೀವು ಉಕ್ಕಿತು, ಹಿಂದೆಯೇ ರಕ್ತ. ದುರ್ವಾಸನೆ ಕೋಣೆ ತುಂಬಿತು. ಕೆನ್ನೆಯ ಬಿಗಿ ಸಡಿಲವಾಗುವುದು ಅವಳ ಬೆರಳಿಗೇ ತಿಳಿಯುತ್ತಿತ್ತು. ತೊಳೆದಳು, ಮತ್ತೆ ತೊಳೆದಳು, ಒಳಗೆ ಔಷಧಿಯ ಹತ್ತಿಯಿಟ್ಟಳು.

ಮಾವ ಉದ್ದನೆಯ ಉಸಿರು ಬಿಟ್ಟರು. "ಅಬ್ಬಾ. ಭಾರ ಇಳಿದ ಹಾಗಾಯ್ತು. ಇನ್ನು ಬರೋದು ಬೇಡ್ವಲ್ಲ?"

"ಮಾವ!"

"ನೋವೇ ಇಲ್ವಲ್ಲಮ್ಮ. ಈ ತೂತಿಗೆ ಮೇಲೊಂದು ಚೂರು..."

"ಅಂಟು ಅನ್ನೋ ಮಾತು ಬಾಯಿಂದ ಬರಕೂಡದು!" ನರ್ಸಮ್ಮನೇ ಕಿರುಚಿದರು.

ಕುರ್ಚಿ ಇನ್ನೂ ಹಿಂದಕ್ಕೆ ಒರಗಿತ್ತು. ಮಾವನ ಕಾಲುಗಳು ತಲೆಗಿಂತ ಎತ್ತರದಲ್ಲಿದ್ದವು. ಏಳಲು ಹೊರಟು ಸೋತು ಮತ್ತೆ ಮಲಗಿದರು. ಕುರ್ಚಿ ಎಬ್ಬಿಸುವ ಗುಂಡಿ ಸೊಸೆಯ ಪಾದದ ಪಕ್ಕದಲ್ಲಿತ್ತು. ಅವಳು ಒತ್ತಲಿಲ್ಲ. ಕೈಗವಸು ಕಳಚಿ, ಸ್ಟೂಲು ಎಳೆದುಕೊಂಡು ಕೂತಳು.

"ಸೋಮವಾರ ಬರ್ತೀರಾ?"

"ನೋಡೋಣ, ಎಬ್ಬಿಸು."

"ನನಗೇನೂ ಅರ್ಜೆಂಟಿಲ್ಲ. ನೀವು ಕೂಗಿದ ಮೇಲೆ ಹೊರಗೆ ಒಬ್ಬ ರೋಗಿಯೂ ಉಳಿದಿಲ್ಲ."

ಮಾವ ಸೂರು ನೋಡಿದರು, ನರ್ಸಮ್ಮನನ್ನು ನೋಡಿದರು, ಸಹಾಯ ಎಲ್ಲಿಂದಲೂ ಬರಲಿಲ್ಲ. ಬಾಗಿಲ ಸಂದಿಯಲ್ಲಿ ಅತ್ತೆಯ ಒಂದು ಕಣ್ಣು ಕಾಣಿಸುತ್ತಿತ್ತು.

"ಬರ್ತೀನಿ," ಎಂದರು. "ಆದ್ರೆ ಎಲ್ಲರಿಗಿಂತ ಮೊದ್ಲು. ಕೂಗಿದ್ರೆ ಯಾರಿಗೂ ಕೇಳಿಸಬಾರದು."

"ನನಗೊಬ್ಬಳಿಗೆ ಕೇಳಿಸಿದ್ರೆ ಸಾಕು," ಎಂದು ಸೊಸೆ ಗುಂಡಿ ಒತ್ತಿದಳು.