ಪಾಯಪ್ಪನ ಹೊಲದಲ್ಲಿ ಹಸಿರು ಬಳೆ

ಮೊನ್ನೆ ಬೆಳಿಗ್ಗೆ ಮಾಳಿಗೆಯ ಮೇಲೆ ಮಲ್ಲಿಗೆಯ ಕುಂಡದ ಮಣ್ಣು ಸಡಿಲಿಸುತ್ತಿದ್ದ ನನ್ನ ಹೆಂಡತಿ ಕೆಲಸ ಅರ್ಧಕ್ಕೆ ಬಿಟ್ಟು ಕೆಳಗಿಳಿದು ಬಂದಳು. ನಾನು ಚಹಾ ಕುಡಿಯುತ್ತ ಪತ್ರಿಕೆ ಓದುತ್ತಿದ್ದೆ. ಅವಳು ನನ್ನ ಮುಂದೆ ಅಂಗೈ ಚಾಚಿದಳು. ಅದರಲ್ಲಿ ಹಸಿರು ಗಾಜಿನ ಬಳೆಯ ಒಂದು ಚೂರು, ಉಗುರಿನಷ್ಟು ಉದ್ದದ್ದು. ಅವಳು ಹಾಕುವುದು ಎರಡೇ ಬಳೆ, ಅವೂ ಬಂಗಾರದವು. ಸೊಸೆ ಬಳೆಯನ್ನೇ ಹಾಕುವುದಿಲ್ಲ. ಮನೆಗೆಲಸದವಳದು ಪ್ಲಾಸ್ಟಿಕ್ಕು.

"ಏನ್ರೀ, ಇದು ಯಾರ ಬಳಿ?" ಎಂದಳು.

ನಾನು ಎಪ್ಪತ್ತು ದಾಟಿದವನು. ಈ ವಯಸ್ಸಿನಲ್ಲಿ ಇಂಥ ಪ್ರಶ್ನೆ ಕೇಳಿದರೆ ಸಿಟ್ಟು ಬರಬೇಕು. ನನಗೆ, ಸುಳ್ಳೇಕೆ ಹೇಳಲಿ, ಸ್ವಲ್ಪ ಹೆಮ್ಮೆಯೇ ಆಯಿತು. ಆದರೆ ಆ ಹೆಮ್ಮೆಗೆ ಆಧಾರವಿರಲಿಲ್ಲ. ಕುಂಡದ ಮಣ್ಣನ್ನು ಹೋದ ತಿಂಗಳು ತುಬಚಿ ಕಡೆಯ ನಮ್ಮ ಊರಿನಿಂದ ಎರಡು ಚೀಲ ತುಂಬಿಕೊಂಡು ನಾನೇ ತಂದಿದ್ದೆ. ಜಮಖಂಡಿ ಬಸ್ಸಿನ ಕಂಡಕ್ಟರ್ ಚೀಲವನ್ನು ಕಾಲಿನಿಂದ ಒತ್ತಿ ನೋಡಿ "ಏನೈತ್ರಿ ಇದರಾಗ?" ಎಂದು ಕೇಳಿದ್ದ. "ಮಣ್ಣು" ಎಂದೆ. ನನ್ನ ಮುಖವನ್ನೊಮ್ಮೆ ಕರುಣೆಯಿಂದ ನೋಡಿ, ಲಗೇಜಿನ ಟಿಕೀಟು ಹರಿಯದೆ ಮುಂದೆ ಹೋಗಿದ್ದ.

ಬಳೆ ನಮ್ಮ ದೊಡ್ಡವ್ವನದು. ಆಕೆ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಈ ಬಳೆಯ ಕಥೆಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಎಂಬುದು ನಿಮಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ. ಗೊತ್ತಾದ ಮೇಲೆ ದಯಮಾಡಿ ನಗಬೇಡಿ, ಅಥವಾ ನಕ್ಕರೂ ನನಗೆ ಕೇಳಿಸದಂತೆ ನಗಿ.

ನಮ್ಮ ದೊಡ್ಡಪ್ಪ ಬನಹಟ್ಟಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡು ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಹೊಲ ಮನೆ ದನ ಎಲ್ಲ ದೊಡ್ಡವ್ವ ಶಾಂತವ್ವನ ಕೈಯಲ್ಲಿ. ಆ ಕೈ ತುಂಬ ಹಸಿರು ಬಳೆ. ಸಗಣಿ ಬಳಿಯುವಾಗ ಎರಡು, ನೀರು ಸೇದುವಾಗ ಒಂದು, ಆಳುಗಳಿಗೆ ಬುದ್ಧಿ ಹೇಳುವಾಗ ಮೂರು ನಾಲ್ಕು ಒಡೆಯುತ್ತಿದ್ದವು. ಚೂರುಗಳನ್ನೆಲ್ಲ ಕಸದ ಜೊತೆ ತಿಪ್ಪೆಗೆ ಎಸೆಯುತ್ತಿದ್ದಳು. ತಿಪ್ಪೆಯ ಗೊಬ್ಬರ ಬೇಸಿಗೆಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಹೀಗಾಗಿ ನಮ್ಮ ಹೊಲದ ಎರೆಮಣ್ಣಿನಲ್ಲಿ ಎಲ್ಲಿ ಕೈಯಿಟ್ಟರೂ ಬಳೆ. ನನ್ನ ಎಡಗಾಲಿನ ಅಂಗಾಲಿನಲ್ಲಿ ಅದರದೊಂದು ಗುರುತು ಈಗಲೂ ಇದೆ. ಬರವಣಿಗೆಯಲ್ಲಿ ಕಾಲೆತ್ತಿ ತೋರಿಸಲು ಬರುವುದಿಲ್ಲವಾದ್ದರಿಂದ ನೀವು ನಂಬಿಕೊಳ್ಳಬೇಕು.

ದೊಡ್ಡವ್ವನಿಗೆ ಸೊಟ್ಟಗಿರುವುದು ಯಾವುದೂ ಸೇರುತ್ತಿರಲಿಲ್ಲ. ಕೂರಿಗೆಯ ಸಾಲು ದಾರ ಹಿಡಿದಂತೆ ಬೀಳಬೇಕು. ಗೋಡೆಯ ಮೇಲಿನ ದೇವರ ಪಟ ಎಳೆಯಷ್ಟು ವಾಲಿದರೂ ಪೂಜೆ ನಿಲ್ಲಿಸಿ ಅದನ್ನು ಮೊದಲು ಸರಿಮಾಡುತ್ತಿದ್ದಳು. ನಮ್ಮ ಎಮ್ಮೆಗೆ ಒಂದು ಕೋಡು ಒಳಕ್ಕೆ ತಿರುಗಿತ್ತು. ಅದು ಎಷ್ಟೇ ಹಾಲು ಕೊಟ್ಟರೂ ಅದರ ಬಗ್ಗೆ ಆಕೆಗೆ ಮನಸ್ಸಿನಲ್ಲಿ ಒಂದು ಅಸಮಾಧಾನ ಉಳಿದೇ ಇತ್ತು.

ಇಂಥವಳ ಹೊಲಕ್ಕೆ ಒಂದು ದಿನ ಒಡ್ಡು ಹಾಕಿಸುವ ಸರಕಾರಿ ಸಾಹೇಬರು ಬಂದರು. ನಮ್ಮ ಹೊಲ ಇಳಿಜಾರಿನದು. ಮಳೆ ಬಂದಾಗಲೆಲ್ಲ ಮೇಲಿನ ಮಣ್ಣು ಸ್ವಲ್ಪ ಸ್ವಲ್ಪವೇ ಕೆಳಗೆ ಜಾರುತ್ತಿತ್ತು. ಸಾಹೇಬರು ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಅತ್ತ ಇತ್ತ ಕೋಲು ಹಿಡಿಸಿ, ಹೊಲದ ನಡುವೆ ಸುಣ್ಣದ ಗೆರೆ ಹಾಕಿಸಿದರು. ಅದು ಅಂಚಿನಿಂದ ಹೊರಟು, ಬಳುಕಿ, ಒಳಕ್ಕೆ ಹೋಗಿ, ಮತ್ತೆ ಹೊರಗೆ ಬಂತು.

"ಬಾಯಾರ, ನೀರು ಒಂದ ಮಟ್ಟದಾಗ ನಿಲ್ಲಬೇಕಂದ್ರ ಒಡ್ಡು ಹಿಂಗ ಹೋಗಬೇಕ್ರಿ. ನೆಲ ಹೆಂಗೈತಿ ಹಂಗ" ಎಂದರು ಸಾಹೇಬರು.

"ನೆಲಾ ಸೊಟ್ಟ ಇದ್ರ ನಾವೂ ಸೊಟ್ಟ ಆಗಬೇಕೇನ್ರಿ?" ಎಂದಳು ದೊಡ್ಡವ್ವ.

ಸಾಹೇಬರಿಗೆ ಇನ್ನೂ ನಾಲ್ಕು ಹೊಲ ನೋಡುವುದಿತ್ತು. ಅವರು ಹೋದ ಮೇಲೆ ದೊಡ್ಡವ್ವ ಆ ಗೆರೆಯ ಎದುರು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು. ನಾನು ಆ ವರ್ಷ ಜಮಖಂಡಿಯ ಕಾಲೇಜಿನಲ್ಲಿ ಒಂದು ವಿಷಯದಲ್ಲಿ ನಪಾಸಾಗಿ ಊರಲ್ಲಿದ್ದೆ. ಯಾವ ವಿಷಯ ಎಂಬುದು ಸದ್ಯಕ್ಕೆ ಬೇಡ.

"ತಮ್ಮಾ, ನೀ ಕಾಲೇಜ ಕಲತಾಂವ. ಈ ಮೂಲಿಯಿಂದ ಆ ಮೂಲಿಗಿ ಒಡ್ಡು ಹಾಕಬೇಕಂದ್ರ ಸೊಟ್ಟ ಛಲೋನೋ, ಸೀದಾ ಛಲೋನೋ?"

ನನ್ನನ್ನು ಯಾರಾದರೂ ಏನನ್ನಾದರೂ ಕೇಳಿ ಎಷ್ಟೋ ತಿಂಗಳಾಗಿತ್ತು. ನಾನು ಎದೆಯುಬ್ಬಿಸಿ, ಮನೆಯ ಮಾತು ಬಿಟ್ಟು ಪುಸ್ತಕದ ಭಾಷೆಗೆ ಏರಿ ಹೇಳಿದೆ: "ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರವೆಂದರೆ ಸರಳರೇಖೆ."

ದೊಡ್ಡವ್ವನಿಗೆ ಬಿಂದು ತಿಳಿಯಲಿಲ್ಲ, ರೇಖೆಯೂ ತಿಳಿಯಲಿಲ್ಲ. ಸರಳ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು. ಅಂದೇ ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಿ, ಹಗ್ಗ ಹಿಡಿಸಿ, ಈ ಮೂಲೆಯಿಂದ ಆ ಮೂಲೆಗೆ ನೇರವಾದ ಒಡ್ಡು ಹಾಕಿಸಿದಳು. ನೋಡಲು ಬಹಳ ಚೆಂದವಿತ್ತು. ಊರವರು ಬಂದು ನೋಡಿ ಹೊಗಳಿದರು. ನಾನು ಅದರ ಮೇಲೆ ದಿನಕ್ಕೆರಡು ಸಲ ನಡೆದಾಡಿದೆ.

ಹುಬ್ಬಿ ಮಳೆ ಒಂದೇ ಮಧ್ಯಾಹ್ನದಲ್ಲಿ ಎಲ್ಲ ಮುಗಿಸಿತು. ನೀರು ನಮ್ಮ ಚೆಂದದ ಒಡ್ಡಿನುದ್ದಕ್ಕೂ ಓಡಿ, ನಡುವಿನ ತಗ್ಗಿನಲ್ಲಿ ಗುಂಪುಗೂಡಿ, ಅಲ್ಲೇ ಒಡ್ಡನ್ನು ಒಡೆದುಕೊಂಡು ಹೋಯಿತು. ಹೋಗುವಾಗ ತಗ್ಗಿನ ಪಟ್ಟಿಯ ಎರೆಮಣ್ಣನ್ನೆಲ್ಲ ಕರೆದುಕೊಂಡು ಹೋಯಿತು. ಕೆಳಗಿನ ಗರಸು, ಬರೀ ಹರಳುಕಲ್ಲು, ಹಲ್ಲು ಕಿರಿಯಿತು. ಆ ಪಟ್ಟಿಯೇ ನಮ್ಮ ವರ್ಷದ ರೊಟ್ಟಿ. ಬಿಳಿಜೋಳ ಬರುತ್ತಿದ್ದದ್ದು ಅಲ್ಲೇ. ಹಿಂಗಾರಿ ಬಿತ್ತಲು ಒಂದು ತಿಂಗಳೂ ಉಳಿದಿರಲಿಲ್ಲ. ಗರಸಿನ ಮೇಲೆ ಜೋಳ ಬಿತ್ತುವುದೂ ಒಂದೇ, ಅಂಗಳದ ಹಾಸುಗಲ್ಲಿನ ಮೇಲೆ ಬಿತ್ತುವುದೂ ಒಂದೇ. ದೊಡ್ಡವ್ವ ಆ ಕೊರಕಲಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಳು. ನನಗೆ ಅಳು ಬಂತು. ನಾನು ನಪಾಸಾದ ವಿಷಯ ಗಣಿತ.

ಆದರೆ ಮಣ್ಣು ದೂರ ಹೋಗಿರಲಿಲ್ಲ. ಕೆಳಗಿನ ಹೊಲ ಪಾಯಪ್ಪನದು. ಆತ ತೇರದಾಳ ಕಡೆಯಿಂದ ಬಂದ ಜೈನರ ಮನೆತನದವನು, ಶಾಂತ ಮನುಷ್ಯ, ಇರುವೆ ಕಂಡರೆ ಸುತ್ತಿ ಹೋಗುವವನು. ತನ್ನ ಹೊಲದ ಅಂಚಿಗೆ ಆತನ ಅಪ್ಪ ಹಾಕಿದ್ದ ಕಲ್ಲಿನ ಒಡ್ಡು ನಮ್ಮ ಮಣ್ಣನ್ನೆಲ್ಲ ಹಿಡಿದು ಕೂರಿಸಿಕೊಂಡಿತ್ತು. ಮರುದಿನ ದೊಡ್ಡವ್ವ ಬುಟ್ಟಿಯೊಂದನ್ನು ನನ್ನ ತಲೆಯ ಮೇಲಿಟ್ಟು ಅಲ್ಲಿಗೆ ಹೊರಟಳು. ಹೊರಟ ಹೊತ್ತು ಲೆಕ್ಕ ಹಾಕಿದ್ದು. ಪಾಯಪ್ಪ ಹೊತ್ತು ಮುಳುಗಿದ ಮೇಲೆ ಊಟ ಮಾಡುವವನಲ್ಲ. ಹೊತ್ತು ಇಳಿಯುವಾಗ ಮಾತು ತೆಗೆದರೆ ಹಸಿದವನು ಬೇಗ ಒಪ್ಪುತ್ತಾನೆ ಎಂಬುದು ಆಕೆಯ ಅಂದಾಜು.

"ಪಾಯಪ್ಪಣ್ಣಾರ, ನಮ್ಮ ಮಣ್ಣ ನಿಮ್ಮ ಹೊಲಕ್ಕ ಬಂದೈತಿ. ಒಯ್ಯಾಕ ಬಂದೇನಿ" ಎಂದಳು.

"ಶಾಂತಕ್ಕಾರ, ಮಣ್ಣಿನ ಮ್ಯಾಲ ಯಾರದರ ಹೆಸರು ಬರದೈತೇನ್ರಿ? ಹರಕೊಂಡ ಬಂತು, ನಮ್ಮ ಒಡ್ಡು ಹಿಡೀತು. ಈ ಒಡ್ಡು ಇರಲಿಲ್ಲಂದ್ರ ಇಷ್ಟೊತ್ತಿಗಿ ಹಳ್ಳಕ್ಕ ಬಿದ್ದು ಕೃಷ್ಣಾ ಹೊಳಿ ಮುಟ್ಟತಿತ್ತು."

"ಹೊಳಿ ಮುಟ್ಟಿದ್ರ ಹೊಳಿನ್ನ ಕೇಳತಿದ್ದೆ. ನಿಮ್ಮ ಹೊಲಕ್ಕ ಬಂದೈತಿ, ನಿಮ್ಮನ್ನ ಕೇಳಾಕತ್ತೇನಿ."

ಪಾಯಪ್ಪ ಒಮ್ಮೆ ಸೂರ್ಯನನ್ನು ನೋಡಿದ, ಒಮ್ಮೆ ದೊಡ್ಡವ್ವನನ್ನು ನೋಡಿದ. ಸೂರ್ಯ ಜಾಲಿಗಿಡದ ತುದಿಗೆ ಬಂದಾಗ "ಅರ್ಧಾ ಒಯ್ರಿ" ಎಂದ. ದೊಡ್ಡವ್ವ ಅಲ್ಲಿಗೆ ಬಿಡಬೇಕಿತ್ತು. "ಅರ್ಧಾ ಯಾಕ?" ಎಂದು ಶುರುಮಾಡಿದಳು. ಅಷ್ಟರಲ್ಲಿ ಹೊತ್ತು ಮುಳುಗಿತು. ಅಂದಿನ ಊಟ ಹೋಯಿತೆಂದು ತಿಳಿದ ಪಾಯಪ್ಪ ಎದ್ದು ನಿಂತು, ಹಸಿವಿನ ಸಿಟ್ಟಿನಲ್ಲಿ ಆ ಅರ್ಧವನ್ನೂ ವಾಪಸು ತೆಗೆದುಕೊಂಡ.

ಮರುದಿನ ಅದೇ ಹೊತ್ತಿಗೆ ನಾವು ಹೋದಾಗ ಆತ ಒಡ್ಡಿನ ಮೇಲೆ ಕಾಲು ಚಾಚಿ ಅಡಿಕೆ ಜಗಿಯುತ್ತ ಕೂತಿದ್ದ. "ಬರ್ರಿ ಶಾಂತಕ್ಕಾರ. ಇವತ್ತ ಎಷ್ಟ ಬೇಕಾದ್ರೂ ಮಾತಾಡ್ರಿ. ನಾಕ ಗಂಟೇಕ ನಂದು ಊಟ ಆಗೇತಿ" ಎಂದ. ದೊಡ್ಡವ್ವನ ಬತ್ತಳಿಕೆಯಲ್ಲಿ ಬೇರೆ ಬಾಣವಿರಲಿಲ್ಲ. ಖಾಲಿ ಬುಟ್ಟಿ ಹೊತ್ತುಕೊಂಡು ವಾಪಸು ಬಂದೆವು. ಖಾಲಿ ಬುಟ್ಟಿ ಅಷ್ಟು ಭಾರವಿರುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಆ ರಾತ್ರಿ ದೊಡ್ಡವ್ವ ಜೋಳದ ಕಣಜದ ತಳಕ್ಕೆ ಕೈಹಾಕಿ ನೋಡಿ ಮುಚ್ಚಳ ಹಾಕಿದಳು.

ಮೂರ್ನಾಲ್ಕು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಪಾಯಪ್ಪನೇ ನಮ್ಮ ಮನೆಗೆ ಬಂದು, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತ. ಮುಖ ಬಾಡಿತ್ತು.

"ಶಾಂತಕ್ಕಾರ, ಆ ಮಣ್ಣ ನಿಮ್ಮದ ರೀ."

"ಯಾವ ಮಣ್ಣು?" ಎಂದಳು ದೊಡ್ಡವ್ವ, ಅಕ್ಕಿ ಆರಿಸುತ್ತ.

"ನಮ್ಮ ಹೊಲಕ್ಕ ಬಂದದ್ದು."

"ಮಣ್ಣಿನ ಮ್ಯಾಲ ಹೆಸರು ಬರದಿಲ್ಲಲ್ರಿ, ಪಾಯಪ್ಪಣ್ಣಾರ."

ಪಾಯಪ್ಪ ರುಮಾಲಿನ ತುದಿಯ ಗಂಟು ಬಿಚ್ಚಿದ. ಒಳಗೆ ಒಂದು ಮುಷ್ಟಿ ಹಸಿರು ಬಳೆಯ ಚೂರು. "ಬರದೈತಿ ನೋಡ್ರಿ. ನಮ್ಮಾಕಿ ಕೆಂಪ ಬಳಿ ಹಾಕ್ಕೊಳ್ಳಾಕಿ. ಕಸಾ ತಗ್ಯಾಕ ಹೋದಾಗ ಇವು ಸಿಕ್ಕಾವು. ಹಸರ ಬಳಿಯಾಕಿ ಯಾರು, ನಿಮ್ಮ ಹೊಲದಾಗ ಇಷ್ಟ ಬಳಿ ಯಾಕ ಒಡಕೊಂಡ್ಲು ಅಂತ ಕೇಳಾಕತ್ತಾಳ. ಎರಡ ದಿನ ಆತು, ಊಟಾನ ಹಾಕವಲ್ಲಳು. ಹೊತ್ತ ಮುಳಗೂದ್ರಾಗೂ ಇಲ್ಲ, ಮುಳಗಿದ ಮ್ಯಾಲಂತೂ ಇಲ್ಲ. ಒಮ್ಮೆ ನಮ್ಮ ಮನಿಗಿ ಬಂದು ಆ ಮಣ್ಣ ನಂದು ಅಂತ ಒಂದ ಮಾತ ಹೇಳ್ರಿ."

ನಾನು ಅವಸರದಿಂದ ದನದ ಕೊಟ್ಟಿಗೆಗೆ ಹೋಗಿ, ಸೊಟ್ಟ ಕೋಡಿನ ಎಮ್ಮೆಯ ಎದುರು ಹೊಟ್ಟೆ ಹಿಡಿದುಕೊಂಡು ನಕ್ಕು, ಮುಖ ಒರೆಸಿಕೊಂಡು ವಾಪಸು ಬಂದೆ. ದೊಡ್ಡವ್ವ ಅಷ್ಟರಲ್ಲಿ ಪಾಯಪ್ಪನ ಮುಂದೆ ಎರಡು ರೊಟ್ಟಿ, ಕಾಳಿನ ಪಲ್ಯ ಇಟ್ಟಿದ್ದಳು. "ಮೊದಲ ಉಣ್ರಿ. ಹೊತ್ತ ಇನ್ನೂ ನೆತ್ತಿ ಮ್ಯಾಲ ಐತಿ" ಎಂದಳು. ಆಕೆ ಅಂಥವಳು.

ಪಾಯಪ್ಪನ ಹೆಂಡತಿ ಪದ್ಮವ್ವ ಸುಮ್ಮನೆ ನಂಬುವ ಹೆಣ್ಣಲ್ಲ. ನಾವು ಅವರ ಮನೆಗೆ ಹೋದ ಕೂಡಲೆ ದೊಡ್ಡವ್ವನ ಮುಂಗೈ ಹಿಡಿದು, ಒಂದೊಂದೇ ಚೂರನ್ನು ಬಳೆಗೆ ಹಚ್ಚಿ ನೋಡಿದಳು. ಬಣ್ಣ ಕೂಡಿತು, ಗೀರು ಕೂಡಿತು. ಪಾಯಪ್ಪ ಬಾಗಿಲ ಹಿಂದಿನಿಂದ ಉಸಿರು ಬಿಟ್ಟದ್ದು ನಮಗೆಲ್ಲ ಕೇಳಿಸಿತು. ಆದರೆ ಪದ್ಮವ್ವನ ಪ್ರಶ್ನೆ ಮುಗಿದಿರಲಿಲ್ಲ.

"ಮಣ್ಣ ಹೆಂಗ ಬಂತ್ರಿ?"

"ಒಡ್ಡು ಒಡೀತು."

"ಹೊಸಾ ಒಡ್ಡು ಯಾಕ ಒಡೀತು?"

"ಸಾಹೇಬರು ಸೊಟ್ಟ ಗೆರಿ ಹಾಕಿದ್ರು. ನಾವು ಸೀದಾ ಹಾಕಿದಿವಿ."

"ಅಯ್ಯ, ಸೀದಾ ಹಾಕಂತ ಯಾರ ಹೇಳಿದ್ರು?"

ದೊಡ್ಡವ್ವ ತಿರುಗಿ ನನ್ನನ್ನು ನೋಡಿದಳು. ನಾನು ಪದ್ಮವ್ವನ ಮನೆಯ ಕಂಬವನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದೆ. ನಾಳೆ ಊರೆಲ್ಲ ನನ್ನನ್ನು ಏನೆಂದು ಕರೆಯುತ್ತದೆ ಎಂಬುದು ಆಗಲೇ ನನ್ನ ಕಿವಿಯಲ್ಲಿತ್ತು.

"ಯಾರ ಹೇಳಬೇಕ? ನಾನ ಹಾಕ್ಸಿದೆ. ನಂದ ತಪ್ಪು" ಎಂದಳು ದೊಡ್ಡವ್ವ.

ತಪ್ಪು ಎಂಬ ಶಬ್ದ ಆಕೆಯ ಬಾಯಿಂದ ಬಂದದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಅದೂ ಆಕೆ ಮಾಡದ ಅರ್ಧ ತಪ್ಪಿಗೆ. ಮನೆಗೆ ಬರುವ ದಾರಿಯಲ್ಲಿ ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ.

ಮಣ್ಣು ವಾಪಸು ಬಂತು. ಪಾಯಪ್ಪ ತನ್ನ ಬಂಡಿಯನ್ನೂ ಎತ್ತುಗಳನ್ನೂ ತಾನೇ ಕೊಟ್ಟ. ಕೊನೆಯಲ್ಲಿ ಕಲ್ಲಿನ ಒಡ್ಡಿಗೆ ಹತ್ತಿದಂತೆ ಒಂದು ಮಾರು ಅಗಲದ ಪಟ್ಟಿ ಉಳಿದಿತ್ತು. ನಾನು ಸಲಿಕೆ ಹಾಕಹೋದರೆ ದೊಡ್ಡವ್ವ ತಡೆದಳು. "ಅದನ್ನ ಬಿಡು. ಹಿಡದ ಇಟ್ಟಾರಲ್ಲ, ಅದು ಅವರಿಗಿ." ಹೊಸ ಒಡ್ಡು ಹಾಕುವ ದಿನ ಆಳುಗಳು ಹಗ್ಗ ಹಿಡಿದು ಆಕೆಯ ಮುಖ ನೋಡಿದರು. ಆಕೆ ಬೇರೆ ಕಡೆ ತಿರುಗಿ ನಿಂತು, "ಸೊಟ್ಟ ಹಾಕ್ರಿ" ಎಂದಳು. ಆ ವರ್ಷ ಜೋಳ ಬಂತು, ರೊಟ್ಟಿಯೂ ಆಯಿತು. ರೊಟ್ಟಿ ಮಾತ್ರ ಗುಂಡಗೇ ಇತ್ತು.

ಈಗ ಆ ಹೊಲಕ್ಕೆ ಹೊಳೆಯ ನೀರು ಬಂದಿದೆ. ನನ್ನ ಅಣ್ಣನ ಮಗ ಜೆಸಿಬಿ ತಂದು ನೆಲ ಮಟ್ಟಮಾಡಿ ಕಬ್ಬು ಹಾಕಿದ್ದಾನೆ. ಒಡ್ಡೂ ಇಲ್ಲ, ಸೊಟ್ಟವೂ ಇಲ್ಲ. ಕುಂಡಕ್ಕೆ ಮಣ್ಣು ಕೇಳಿದರೆ ಅವನು ಗೊಬ್ಬರದ ಅಂಗಡಿಯ ಹೆಸರು ಹೇಳುತ್ತಾನೆ. ಹಾಗಾಗಿ ಹೋದ ತಿಂಗಳು ನಾನು ಕೆಳಗಿನ ಹೊಲಕ್ಕೆ ಇಳಿದು ಪಾಯಪ್ಪನ ಮಗನನ್ನು ಕೇಳಿದೆ. ಆತ ಕಲ್ಲಿನ ಒಡ್ಡಿನ ಪಕ್ಕದ ಪಟ್ಟಿಯಿಂದ ಚೀಲ ತುಂಬಿಕೊಟ್ಟ.

"ಈ ಪಟ್ಟಿ ನಮ್ಮಪ್ಪ ಯಾರಿಗೂ ಮುಟ್ಟಗೊಡತಿದ್ದಿಲ್ರಿ. ಇದು ಶಾಂತಕ್ಕಾರದು, ನಮ್ಮಲ್ಲಿ ಇಟ್ಟಾರ ಅಂತಿದ್ದ. ನೀವು ಅವರ ಮನಿಯವರು, ಒಯ್ರಿ" ಎಂದಿದ್ದ. ಆಗ ನಾನು ಬಸ್ಸಿನ ಅವಸರದಲ್ಲಿದ್ದೆ. ಸುಮ್ಮನೆ ತಲೆಯಾಡಿಸಿ ಬಂದುಬಿಟ್ಟಿದ್ದೆ. ಆಕೆ ಕೊಟ್ಟೆ ಅಂದುಕೊಂಡಿದ್ದಳು, ಆತ ಕಾಯುತ್ತಿದ್ದೇನೆ ಅಂದುಕೊಂಡಿದ್ದ, ಇಬ್ಬರೂ ಇಲ್ಲದ ಮೇಲೆ ಅದು ನನ್ನ ಕುಂಡಕ್ಕೆ ಬಂತು.

ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿತ್ತು. ನನ್ನ ಹೆಂಡತಿ ಬೀಳಗಿಯವಳು, ಪದ್ಮವ್ವನ ಹಾಗೆ ಬುಡ ಮುಟ್ಟುವ ತನಕ ಕೇಳುವವಳು.

"ಅಂದ್ರ ಸೀದಾ ಹಾಕಂತ ಹೇಳಿದಾಂವ ನೀವು?"

"ಹೂಂ," ಎಂದೆ. "ನಂದ ತಪ್ಪು."

ಅವಳು ಎದ್ದಳು. ಮಾಳಿಗೆ ಹತ್ತಿ ಚೂರನ್ನು ಮಲ್ಲಿಗೆಯ ಬುಡದಲ್ಲಿ ಮತ್ತೆ ಹುಗಿದು ಮಣ್ಣು ಒತ್ತಿದಳು. ನಾನೂ ಹಿಂದೆಯೇ ಹತ್ತಿ ನೀರು ಹಾಕಿದೆ. ಕೈ ಹೆಚ್ಚಾಗಿ ಕುಂಡ ತುಂಬಿ, ಕಪ್ಪು ನೀರು ಹರಿದು, ಪಕ್ಕದವರು ಒಣಹಾಕಿದ ಬಟ್ಟೆಯ ಮೇಲೆ ಬೀಳುವ ತೂಬಿನ ಕಡೆಗೆ ಹೊರಟಿತು. ನಾನು ಲಗುಬಗೆಯಿಂದ ಒಂದು ಹಿಡಿ ಮಣ್ಣು ತೆಗೆದು ಅಡ್ಡಲಾಗಿ ಒಡ್ಡು ಹಾಕಿದೆ. ನೀರು ಬಂದು ಮುಟ್ಟಿ, ಒಂದು ಕ್ಷಣ ನಿಂತು, ತುದಿ ಹುಡುಕಿಕೊಂಡು ಆಚೆ ಹೋಗತೊಡಗಿತು.

"ಸೊಟ್ಟ ಹಾಕ್ರಿ" ಎಂದಳು ನನ್ನ ಹೆಂಡತಿ.

ಸೊಟ್ಟ ಹಾಕಿದೆ. ನೀರು ನಿಂತಿತು.